ದೊಡ್ಡಮನೆ ಹೆಣ್ಣುಮಕ್ಕಳು, ಊರಿನ ಬಾಯಿ

ಹಿಂದಿನ ಸಂಚಿಕೆಯಲ್ಲಿ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಬಗ್ಗೆ ಬರೆಯುವಾಗ, ಅವನು ಸ್ವಂತ ಮಗಳನ್ನೇ ದ್ವೀಪಕ್ಕೆ ಅಟ್ಟಿದ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲಿನ ಬಗ್ಗೆಯೇ ಇವೆ. ಯಾಕೆ ಅಟ್ಟಿದ, ಅವಳು ಮಾಡಿದ್ದೇನು, ಆಗಿನ ಮದುವೆ ಹೇಗಿರ್ತಿತ್ತು, ಮೆಸ್ಸಲಿನಾ ಕಥೆ ನಿಜವಾ ಅಂತೆಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ರೋಮಿನ ದೊಡ್ಡಮನೆಗಳ ಹೆಣ್ಣುಮಕ್ಕಳಿಗೇ ಇರಲಿ.

ಪ್ರಶ್ನೆ: ಮೇಡಂ, "ಸೀಸರನ ಹೆಂಡತಿ ಸಂಶಯಕ್ಕೂ ಮೀರಿರಬೇಕು" ಅನ್ನೋ ಮಾತನ್ನು ಭಾಷಣಗಳಲ್ಲಿ ಕೇಳ್ತಾನೇ ಇರ್ತೀವಿ. ಆ ಹೆಂಡತಿ ಯಾರು? ಅವಳು ಮಾಡಿದ ತಪ್ಪಾದರೂ ಏನು?

ಉತ್ತರ: ಅವಳ ಹೆಸರು ಪೊಂಪೆಯಾ. ರೋಮನ್ನು ನಡುಗಿಸಿದ ಸರ್ವಾಧಿಕಾರಿ ಸುಲ್ಲಾನ ಮೊಮ್ಮಗಳು. ಈ ಮಾತು ಎಲ್ಲರಿಗೂ ಗೊತ್ತು, ಅವಳ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ಕ್ರಿ.ಪೂ. 62ರ ಡಿಸೆಂಬರಿನ ಒಂದು ರಾತ್ರಿ ಜೂಲಿಯಸ್ ಸೀಸರನ ಮನೆಯಲ್ಲಿ ಬೋನಾ ಡಿಯಾ ಎಂಬ ದೇವಿಯ ಪೂಜೆ ಇತ್ತು. ಇದು ಹೆಂಗಸರದ್ದೇ ಪೂಜೆ. ಮನೆ ಯಜಮಾನನೂ ಆ ರಾತ್ರಿ ಹೊರಗೆ ಹೋಗಬೇಕು, ಗಂಡು ಪ್ರಾಣಿ ಕೂಡ ಒಳಗಿರುವಂತಿಲ್ಲ. ಅಂಥ ಮನೆಗೆ ಕ್ಲೋಡಿಯಸ್ ಎಂಬ ಶ್ರೀಮಂತ ಮನೆತನದ ಯುವಕ, ವಾದ್ಯ ನುಡಿಸುವ ಹುಡುಗಿಯ ವೇಷ ಹಾಕಿಕೊಂಡು ನುಗ್ಗಿದ. ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವ ಪ್ರಕಾರ ಒಬ್ಬ ದಾಸಿ ಅವನನ್ನು ಒಳಗೆ ಬಿಟ್ಟು ಪೊಂಪೆಯಾಗೆ ತಿಳಿಸಲು ಓಡಿದಳು, ಅವಳು ವಾಪಸ್ ಬರುವುದು ತಡವಾಯಿತು, ಇವನು ನಿಂತಲ್ಲಿ ನಿಲ್ಲಲಾರದೆ ದೀಪದ ಬೆಳಕು ತಪ್ಪಿಸಿಕೊಂಡು ಆ ದೊಡ್ಡ ಮನೆಯಲ್ಲಿ ಅಲೆಯತೊಡಗಿದ. ಸೀಸರನ ತಾಯಿ ಔರೇಲಿಯಾಳ ದಾಸಿಯೊಬ್ಬಳು ಎದುರಾಗಿ, ಬಾ ಆಟ ಆಡೋಣ ಎಂದು ಕರೆದಳು. ಬರಲಿಲ್ಲ. ಯಾರು ನೀನು ಎಂದು ಎಳೆದಳು. ಬಾಯಿ ಬಿಟ್ಟ, ಗಂಡು ದನಿ! ಅವಳು ಕಿರುಚಿಕೊಂಡು ದೀಪ ಇದ್ದ ಕಡೆ ಓಡಿದಳು. ಔರೇಲಿಯಾ ಪೂಜೆ ನಿಲ್ಲಿಸಿದಳು, ದೇವಿಯ ವಸ್ತುಗಳ ಮೇಲೆ ಬಟ್ಟೆ ಮುಚ್ಚಿದಳು, ಬಾಗಿಲು ಹಾಕಿಸಿ ಪಂಜು ಹಿಡಿದು ಮನೆಯೆಲ್ಲ ಹುಡುಕಿದಳು. ಅವನು ದಾಸಿಯ ಕೋಣೆಯಲ್ಲಿ ಸಿಕ್ಕಿಬಿದ್ದ. ಹೆಂಗಸರು ಅದೇ ರಾತ್ರಿ ಮನೆಗೆ ಹೋಗಿ ಗಂಡಂದಿರಿಗೆ ಹೇಳಿದರು, ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಸುದ್ದಿ.

ಸೀಸರ್ ಹೆಂಡತಿಯನ್ನು ಬಿಟ್ಟ. ಮರುವರ್ಷ ಕ್ಲೋಡಿಯಸ್ ಮೇಲೆ ವಿಚಾರಣೆ ನಡೆದಾಗ ಸಾಕ್ಷಿ ಹೇಳಲು ಕರೆದರು. ನನಗೇನೂ ಗೊತ್ತಿಲ್ಲ ಎಂದ. ಮತ್ತೆ ಹೆಂಡತಿಯನ್ನು ಬಿಟ್ಟದ್ದೇಕೆ ಎಂದು ಕೇಳಿದ್ದಕ್ಕೆ ಬಂದ ಉತ್ತರವೇ ನೀವು ಕೇಳಿದ ಆ ಮಾತು. ಅವಳು ತಪ್ಪು ಮಾಡಿದಳು ಅಂತ ಅವನು ಹೇಳಲೇ ಇಲ್ಲ, ನೋಡಿ. ಅವಳ ಮೇಲೆ ಸಂಶಯ ಬಂತು, ಅಷ್ಟೇ ಸಾಕಾಯಿತು. ಕ್ಲೋಡಿಯಸ್ ನಾನು ಆ ದಿನ ಊರಲ್ಲೇ ಇರಲಿಲ್ಲ ಎಂದು ವಾದಿಸಿದ, ಅವತ್ತೇ ನನ್ನ ಮನೆಗೆ ಬಂದಿದ್ದ ಎಂದು ಹೆಸರಾಂತ ವಾಗ್ಮಿ, ರಾಜಕಾರಣಿ ಸಿಸೆರೊ ಸಾಕ್ಷಿ ಹೇಳಿದ, ಆದರೂ ತೀರ್ಪುಗಾರರಲ್ಲಿ 31 ಮಂದಿ ಬಿಡುಗಡೆ ಎಂದರು, 25 ಮಂದಿ ಅಪರಾಧಿ ಎಂದರು. ದುಡ್ಡು ಓಡಾಡಿತ್ತು ಎಂದು ಸಿಸೆರೊ ಸ್ನೇಹಿತನಿಗೆ ಪತ್ರದಲ್ಲಿ ಬರೆದಿದ್ದಾನೆ. ಸೀಸರ್ ಕ್ರಿ.ಪೂ. 59ರಲ್ಲಿ ಕನ್ಸಲ್ ಎಂಬ ಅತ್ಯುನ್ನತ ಅಧಿಕಾರಿ ಆದ, ಕ್ಲೋಡಿಯಸ್ 58ರಲ್ಲಿ ಟ್ರಿಬ್ಯೂನ್ ಎಂಬ ಜನಪ್ರತಿನಿಧಿ ಆದ. ಪೊಂಪೆಯಾ ಆಡಿದ ಒಂದು ಮಾತೂ ಉಳಿದಿಲ್ಲ.

ಇನ್ನೊಂದು ಸೇರಿಸಿಬಿಡ್ತೀನಿ. ಕ್ರಿ.ಪೂ. 46ರಲ್ಲಿ ಗಾಲ್ (ಈಗಿನ ಫ್ರಾನ್ಸ್ ಕಡೆಯ ನಾಡು) ಗೆದ್ದ ಮೆರವಣಿಗೆಯಲ್ಲಿ ಸೀಸರನ ಸ್ವಂತ ಸೈನಿಕರೇ, ಪಟ್ಟಣದವರೇ ನಿಮ್ಮ ಹೆಂಡಿರನ್ನು ಜೋಪಾನ ಮಾಡಿಕೊಳ್ಳಿ, ಬೋಳುತಲೆಯ ಹಾದರಿಗನನ್ನು ಕರೆತರ್ತಿದ್ದೀವಿ ಅಂತ ಹಾಡಿಕೊಂಡು ಬಂದರು. ಅದರಿಂದ ಅವನ ಹೆಸರಿಗೆ ಒಂದು ಗೀರೂ ಬೀಳಲಿಲ್ಲ.

ಪ್ರಶ್ನೆ: ಹುಡುಗಿಗೆ ಮದುವೆ ಬೇಡ ಅನ್ನುವ ಹಕ್ಕಿತ್ತಾ? ಗಂಡ ಬಿಟ್ಟರೆ ಅವಳ ಗತಿ ಏನು?

ಉತ್ತರ: ಕಾನೂನಿನ ಪ್ರಕಾರ ಹುಡುಗಿಗೆ 12 ತುಂಬಿದರೆ ಮದುವೆ ಮಾಡಬಹುದಿತ್ತು. ದೊಡ್ಡ ಮನೆತನಗಳಲ್ಲಿ ಹದಿನಾಲ್ಕು ಹದಿನೈದಕ್ಕೆಲ್ಲ ಆಗಿಬಿಡ್ತಿತ್ತು. ಅವಳ ಒಪ್ಪಿಗೆ ಬೇಕು ಎಂದು ಕಾನೂನು ಹೇಳುತ್ತಿತ್ತು, ಆದರೆ ಬಾಯಿಬಿಟ್ಟು ವಿರೋಧಿಸದಿದ್ದರೆ ಒಪ್ಪಿದಂತೆಯೇ ಲೆಕ್ಕ. ಅಪ್ಪನ ಎದುರು ಹದಿನಾಲ್ಕರ ಹುಡುಗಿ ಏನು ವಿರೋಧ ಹೇಳಿಯಾಳು, ಅಲ್ವಾ?

ಒಂದು ವಿಷಯ ಮಾತ್ರ ಅವಳ ಪರವಾಗಿತ್ತು. ಹಳೆಯ ಕಾಲದಲ್ಲಿ ಹೆಂಡತಿ ಪೂರ್ತಿಯಾಗಿ ಗಂಡನ ಅಧಿಕಾರಕ್ಕೆ ಹೋಗುತ್ತಿದ್ದಳು. ಸಿಸೆರೊನ ಕಾಲಕ್ಕೆ ಆ ಪದ್ಧತಿ ಕಡಿಮೆಯಾಗಿ, ಹೆಚ್ಚಿನ ಹೆಂಗಸರು ಮದುವೆ ಆದ ಮೇಲೂ ತವರಿನವರಾಗಿಯೇ ಉಳಿಯುತ್ತಿದ್ದರು. ಅಪ್ಪ ಸತ್ತರೆ ಆಸ್ತಿ ಅವಳಿಗೇ ಬರುತ್ತಿತ್ತು, ಗಂಡನಿಗಲ್ಲ. ಬೇರೆಯಾದರೆ ವರದಕ್ಷಿಣೆ ವಾಪಸ್ ಕೊಡಬೇಕು, ಅದರಲ್ಲಿ ಒಂದು ಪಾಲನ್ನು ಗಂಡ ಮಕ್ಕಳಿಗಾಗಿ ಹಿಡಿದುಕೊಳ್ಳಬಹುದಿತ್ತು. ಬೇರೆಯಾಗೋದಕ್ಕೆ ಕೋರ್ಟು ಕಚೇರಿ ಏನೂ ಬೇಕಿರಲಿಲ್ಲ, ನಿನ್ನ ಸಾಮಾನು ನೀನು ತಗೊಂಡು ಹೋಗು ಎಂದರೆ ಮುಗೀತು. ಹೆಂಡತಿ ಕೂಡ ಹಾಗೆ ಹೇಳಿ ಹೊರಡಬಹುದಿತ್ತು. ಆದರೆ ಮಕ್ಕಳು ಅಪ್ಪನವು. ಹೊರಡುವವಳು ಅವುಗಳನ್ನು ಬಿಟ್ಟೇ ಹೊರಡಬೇಕು.

ಸಿಸೆರೊನ ಮಗಳು ಟುಲಿಯಾ ಕಥೆ ಕೇಳಿ. ಕ್ರಿ.ಪೂ. 50ರಲ್ಲಿ ಅಪ್ಪ ದೂರದ ಸಿಲಿಸಿಯಾದಲ್ಲಿ ರಾಜ್ಯಪಾಲ. ಇಲ್ಲಿ ತಾಯಿ ಟೆರೆನ್ಷಿಯಾ ಮತ್ತು ಮಗಳು ಸೇರಿ ಡೋಲಬೆಲ್ಲಾ ಎಂಬುವನನ್ನು ಒಪ್ಪಿಕೊಂಡುಬಿಟ್ಟರು. ಅದು ಅವಳಿಗೆ ಮೂರನೆಯ ಮದುವೆ. ಅದೇ ಹೊತ್ತಿಗೆ ಡೋಲಬೆಲ್ಲಾ ಯಾರ ಮೇಲೆ ಕೇಸು ಹಾಕಿದ್ದನೋ ಆ ಮನುಷ್ಯನನ್ನು ಸಿಸೆರೊ ಪತ್ರದ ಮೇಲೆ ಪತ್ರ ಬರೆದು ಓಲೈಸುತ್ತಿದ್ದ! ಪಾಪ, ಪೇಚಿಗೆ ಸಿಕ್ಕಿದ, ಆದರೂ ಮಗಳ ಆಯ್ಕೆ ಎಂದು ಒಪ್ಪಿದ. ವರದಕ್ಷಿಣೆಯನ್ನು ಕಂತಿನಲ್ಲಿ ಕೊಡಬೇಕು, ಆ ಕಂತುಗಳ ಚಿಂತೆ ಅವನ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮದುವೆ ನಿಲ್ಲಲಿಲ್ಲ. ಟುಲಿಯಾ ಗಂಡನಿಂದ ಬೇರೆಯಾಗಿ, ಹೆರಿಗೆಯ ನಂತರ ಕ್ರಿ.ಪೂ. 45ರ ಫೆಬ್ರವರಿಯಲ್ಲಿ ತೀರಿಕೊಂಡಳು. ಸಿಸೆರೊ ಆಮೇಲೆ ಬರೆದ ಪತ್ರಗಳನ್ನು ಓದಲು ಗಟ್ಟಿ ಮನಸ್ಸು ಬೇಕು.

ಪ್ರಶ್ನೆ: ಎಲ್ಲಿ ನೋಡಿದರೂ ಜೂಲಿಯಾ, ಜೂಲಿಯಾ, ಜೂಲಿಯಾ. ಓದುವಾಗ ತಲೆ ಕೆಡುತ್ತೆ. ಬೇರೆ ಹೆಸರೇ ಇರಲಿಲ್ವಾ?

ಉತ್ತರ: ಇರಲಿಲ್ಲ ಅಂತಲೇ ಹೇಳಬೇಕು. ಗಂಡುಮಗನಿಗೆ ತನ್ನದೇ ಹೆಸರು ಇರುತ್ತಿತ್ತು. ಹೆಣ್ಣುಮಗಳಿಗೆ ಅಪ್ಪನ ಕುಲದ ಹೆಸರನ್ನೇ ಹೆಣ್ಣಾಗಿಸಿ ಇಡುತ್ತಿದ್ದರು. ಜೂಲಿಯಸ್ ಕುಲದವಳು ಜೂಲಿಯಾ, ಟುಲಿಯಸ್ ಕುಲದವಳು ಟುಲಿಯಾ. ಮೂವರು ಹೆಣ್ಣುಮಕ್ಕಳಿದ್ದರೆ ಮೂವರಿಗೂ ಅದೇ ಹೆಸರು. ಮುಂದೆ ಕ್ಲೋಡಿಯಾ ವಿಷಯದಲ್ಲಿ ಇದು ಎಂಥ ಗೋಜಲಾಗುತ್ತೆ ನೋಡಿ.

ಪ್ರಶ್ನೆ: ರಾಣಿ ಮಹಾರಾಣಿಯರ ಹಗರಣ ಬಿಡಿ. ಸುಮ್ನೆ ಒಂದು ಸಾಧಾರಣ ಗಂಡ ಹೆಂಡತಿ ಜಗಳ, ಒಂದು ಮನೆ ಮಾತು, ಅಂಥದ್ದು ಎಲ್ಲಾದರೂ ಉಳಿದಿದೆಯಾ?

ಉತ್ತರ: ಉಳಿದಿದೆ, ನನಗೆ ತುಂಬಾ ಇಷ್ಟವಾದದ್ದು ಅದೇ. ಕ್ರಿ.ಪೂ. 51ರಲ್ಲಿ ಸಿಸೆರೊ ತನ್ನ ಸ್ನೇಹಿತ ಅಟಿಕಸ್‌ಗೆ ಬರೆದ ಪತ್ರ. ಅಟಿಕಸ್‌ನ ತಂಗಿ ಪೊಂಪೋನಿಯಾಳನ್ನು ಸಿಸೆರೊನ ತಮ್ಮ ಕ್ವಿಂಟಸ್‌ಗೆ ಕೊಟ್ಟಿತ್ತು. ದಾರಿಯಲ್ಲಿ ಎಲ್ಲರೂ ಕ್ವಿಂಟಸ್‌ನ ಒಂದು ತೋಟದ ಮನೆಯಲ್ಲಿ ಊಟಕ್ಕೆ ನಿಂತರು. ಅವತ್ತು ಹಬ್ಬ. ಕ್ವಿಂಟಸ್ ಮೆತ್ತಗೆ, ಪೊಂಪೋನಿಯಾ, ಹೆಂಗಸರನ್ನು ನೀನು ಊಟಕ್ಕೆ ಕರಿ, ಗಂಡಸರನ್ನು ನಾನು ಕರೀತೀನಿ ಎಂದ. ಅವಳು ಎಲ್ಲರಿಗೂ ಕೇಳುವಂತೆ, "ನಾನೇ ಇಲ್ಲಿ ನೆಂಟಳು" ಎಂದುಬಿಟ್ಟಳು.

ಯಾಕೆ ಗೊತ್ತಾ? ಊಟದ ಏರ್ಪಾಟಿಗೆ ಕ್ವಿಂಟಸ್ ಮೊದಲೇ ಸ್ಟೇಷಿಯಸ್ ಎಂಬ ಹಳೆಯ ಗುಲಾಮನನ್ನು ಕಳಿಸಿಬಿಟ್ಟಿದ್ದ. ಮನೆಯೊಡತಿಯನ್ನು ಒಂದು ಮಾತು ಕೇಳಿರಲಿಲ್ಲ. ಕ್ವಿಂಟಸ್ ಅಣ್ಣನ ಕಡೆ ತಿರುಗಿ, ನೋಡು, ದಿನಾ ನಾನು ಅನುಭವಿಸೋದು ಇದನ್ನೇ ಎಂದ. ಅವಳು ಊಟಕ್ಕೆ ಬರಲಿಲ್ಲ. ಅವನು ತಟ್ಟೆಗೆ ಹಾಕಿ ಕಳಿಸಿದ, ಮುಟ್ಟದೆ ವಾಪಸ್ ಕಳಿಸಿದಳು. ಇದನ್ನೆಲ್ಲ ಬರೆದು ಸಿಸೆರೊ ಅಟಿಕಸ್‌ಗೆ, ನಿನ್ನ ತಂಗಿ ಮಾಡಿದ್ದು ಸರಿಯಿಲ್ಲ ಅಂತ ಅವಳಿಗೆ ನೀನೇ ಹೇಳು ಎನ್ನುತ್ತಾನೆ.

ನಮ್ಮ ಕೈಗೆ ಸಿಕ್ಕಿರುವುದು ಅವಳ ಕಡೆಯ ವರದಿ ಅಲ್ಲ, ಸಾಕ್ಷಾತ್ ಗಂಡನ ಅಣ್ಣನದ್ದು. ಅವನಿಗೆ ಅವಳು ಸಿಡುಕಿನ ಹೆಂಗಸು. ಆದರೆ "ನಾನೇ ಇಲ್ಲಿ ನೆಂಟಳು" ಎಂಬ ಆ ಒಂದು ಮಾತನ್ನು ಅವನು ಇದ್ದ ಹಾಗೇ ಬರೆದಿಟ್ಟನಲ್ಲ, ಅದರಲ್ಲಿ ಅವಳ ಇಡೀ ಸಂಸಾರ ನನಗೆ ಕಾಣಿಸುತ್ತೆ. ಇವರು ಕೊನೆಗೆ ಬೇರೆಯಾದರು.

ಪ್ರಶ್ನೆ: ಜೂಲಿಯಾಳನ್ನು ಅಗಸ್ಟಸ್ ಯಾಕೆ ಗಡೀಪಾರು ಮಾಡಿದ? ಹೆತ್ತ ಮಗಳಲ್ವಾ? (ಈ ಪ್ರಶ್ನೆಯನ್ನು ಹಲವರು ಕೇಳಿದ್ದಾರೆ.)

ಉತ್ತರ: ಇದಕ್ಕೆ ಮೊದಲು ಅವನು ಮಾಡಿದ ಕಾನೂನು ಹೇಳಬೇಕು. ಅಲ್ಲಿವರೆಗೆ ಹೆಂಡತಿ ದಾರಿ ತಪ್ಪಿದಳು ಅಂದರೆ ಅದು ಮನೆಯೊಳಗಿನ ವಿಷಯ, ಗಂಡ ಮತ್ತು ಹಿರಿಯರು ಕೂತು ತೀರ್ಮಾನ ಮಾಡುತ್ತಿದ್ದರು. ಕ್ರಿ.ಪೂ. 18ರಲ್ಲಿ ಅಗಸ್ಟಸ್ ಅದನ್ನು ಸರ್ಕಾರಿ ಅಪರಾಧ ಮಾಡಿದ. ಗೊತ್ತಾದ ಮೇಲೆ ಗಂಡ ಅವಳನ್ನು ಬಿಡಲೇಬೇಕು, 60 ದಿನದೊಳಗೆ ದೂರು ಕೊಡಬಹುದು, ಅವನು ಅಥವಾ ಅವಳ ಅಪ್ಪ ಕೊಡದಿದ್ದರೆ ಹೊರಗಿನ ಯಾರು ಬೇಕಾದರೂ ಕೊಡಬಹುದು. ಗೊತ್ತಿದ್ದೂ ಜೊತೆಗಿಟ್ಟುಕೊಂಡ ಗಂಡನನ್ನು ಹೆಂಡತಿಯ ದಲ್ಲಾಳಿ ಎಂದು ಹಿಡಿಯಬಹುದು. ತಪ್ಪು ಸಾಬೀತಾದರೆ ಅವಳ ವರದಕ್ಷಿಣೆಯಲ್ಲಿ ಅರ್ಧ, ಆಸ್ತಿಯಲ್ಲಿ ಮೂರನೇ ಒಂದು ಪಾಲು ಹೋಯಿತು, ಅವನ ಆಸ್ತಿಯಲ್ಲಿ ಅರ್ಧ ಹೋಯಿತು, ಇಬ್ಬರೂ ಬೇರೆ ಬೇರೆ ದ್ವೀಪಕ್ಕೆ. ಮದುವೆಯಾದ ಗಂಡಸು ದಾಸಿಯ ಜೊತೆ, ವೇಶ್ಯೆಯ ಜೊತೆ ಇದ್ದರೆ ಇದು ಯಾವುದೂ ಅನ್ವಯಿಸುವುದಿಲ್ಲ.

ಈಗ ಜೂಲಿಯಾ. ಕ್ರಿ.ಪೂ. 39ರಲ್ಲಿ ಹುಟ್ಟಿದಳು, ಅಗಸ್ಟಸ್‌ಗೆ ಇದ್ದ ಒಂದೇ ಮಗು. ಅವಳಿಗೆ ನೂಲು ತೆಗೆಯುವುದು, ನೇಯುವುದು ಕಲಿಸಿದ. ಮನೆಯ ದಿನಚರಿಯಲ್ಲಿ ಬರೆಯಲು ನಾಚಿಕೆಯಾಗುವಂಥ ಯಾವ ಮಾತನ್ನೂ ಆಡಬಾರದು, ಯಾವ ಕೆಲಸವನ್ನೂ ಮಾಡಬಾರದು ಎಂದು ಕಟ್ಟಪ್ಪಣೆ. ಬಾಯೆ ಎಂಬ ಕಡಲ ತೀರದಲ್ಲಿ ಒಬ್ಬ ಮರ್ಯಾದಸ್ಥ ಯುವಕ ಅವಳಿಗೆ ನಮಸ್ಕಾರ ಹೇಳಲು ಬಂದದ್ದಕ್ಕೆ, ನೀನು ಮಿತಿ ಮೀರಿದೆ ಎಂದು ಅವನಿಗೆ ಪತ್ರ ಬರೆದ. ಹದಿನಾಲ್ಕಕ್ಕೆ ಸೋದರತ್ತೆಯ ಮಗ ಮಾರ್ಸೆಲಸ್ ಜೊತೆ ಮದುವೆ, ಅವನು ಎರಡೇ ವರ್ಷಕ್ಕೆ ಸತ್ತ. ಕ್ರಿ.ಪೂ. 21ರಲ್ಲಿ ಅಪ್ಪನ ಸೇನಾಪತಿ ಅಗ್ರಿಪ್ಪ ಜೊತೆ ಮದುವೆ, ಅವನಿಗೆ ಹೆಚ್ಚುಕಡಿಮೆ ಅಪ್ಪನದ್ದೇ ವಯಸ್ಸು, ಐದು ಮಕ್ಕಳು. ಅವನೂ ಸತ್ತ. ಮರುವರ್ಷವೇ, ಕ್ರಿ.ಪೂ. 11ರಲ್ಲಿ, ಮಲತಾಯಿ ಲಿವಿಯಾಳ ಮಗ ಟಿಬೇರಿಯಸ್ ಜೊತೆ ಮೂರನೆಯ ಮದುವೆ. ಟಿಬೇರಿಯಸ್‌ಗೆ ಆಗಲೇ ವಿಪ್ಸಾನಿಯಾ ಎಂಬ ಹೆಂಡತಿ ಇದ್ದಳು, ಅವಳ ಮೇಲೆ ಪ್ರಾಣ ಇಟ್ಟುಕೊಂಡಿದ್ದ. ಅವಳನ್ನು ಬಿಡಿಸಿ ಈ ಮದುವೆ ಮಾಡಿಸಿದರು. ಆಮೇಲೆ ಒಮ್ಮೆ ದಾರಿಯಲ್ಲಿ ವಿಪ್ಸಾನಿಯಾಳನ್ನು ಕಂಡು ಕಣ್ಣೀರು ತುಂಬಿಕೊಂಡು ಅವಳನ್ನೇ ನೋಡುತ್ತ ಹೋದನಂತೆ, ಮತ್ತೆ ಅವಳು ಎಂದೂ ಅವನ ಕಣ್ಣಿಗೆ ಬೀಳದಂತೆ ಏರ್ಪಾಟು ಮಾಡಿದರು ಎಂದು ಚಕ್ರವರ್ತಿಗಳ ಜೀವನಚರಿತ್ರೆ ಬರೆದ ಸ್ಯೂಟೋನಿಯಸ್ ಹೇಳುತ್ತಾನೆ. ಇಂಥ ಮನೆಯಲ್ಲಿ ಜೂಲಿಯಾ ಸುಖವಾಗಿರಬೇಕಿತ್ತು ಎಂದು ನಾನಂತೂ ಹೇಳಲಾರೆ. ಕ್ರಿ.ಪೂ. 6ರಲ್ಲಿ ಟಿಬೇರಿಯಸ್ ಅವಳನ್ನು ರೋಮಿನಲ್ಲೇ ಬಿಟ್ಟು ರೋಡ್ಸ್ ದ್ವೀಪಕ್ಕೆ ಹೊರಟುಹೋದ.

ಕ್ರಿ.ಪೂ. 2ರ ಫೆಬ್ರವರಿಯಲ್ಲಿ ರೋಮಿನ ಹಿರಿಯರ ಸಭೆಯಾದ ಸೆನೆಟ್ ಅಗಸ್ಟಸ್‌ಗೆ "ದೇಶದ ತಂದೆ" ಎಂಬ ಬಿರುದು ಕೊಟ್ಟಿತು. ಅದೇ ವರ್ಷ ಮಗಳ ಮೇಲೆ ಹಾದರದ ಆರೋಪ ಹೊರಬಿತ್ತು. ಅವನು ಸೆನೆಟ್‌ಗೆ ಮುಖ ತೋರಿಸಲಿಲ್ಲ, ಪತ್ರ ಬರೆದು ಒಬ್ಬ ಅಧಿಕಾರಿಯಿಂದ ಓದಿಸಿದ. ರಾತ್ರಿ ಹೊತ್ತು ಊರ ನಡುವಿನ ಚೌಕವಾದ ಫೋರಂನಲ್ಲಿ ಕುಡಿತ, ಅಪ್ಪ ಆ ಕಾನೂನು ಮಂಡಿಸಿದ ವೇದಿಕೆಯ ಮೇಲೇ ಕೂಟ ಅಂತೆಲ್ಲ ಸೆನೆಕ ಬರೆದಿದ್ದಾನೆ. ಆದರೆ ಹೆಸರುಗಳ ಪಟ್ಟಿ ನೋಡಿದರೆ ಬೇರೆ ವಾಸನೆಯೂ ಬರುತ್ತದೆ. ಅದರಲ್ಲಿ ಮೊದಲನೆಯವನು ಯುಲ್ಲಸ್ ಆಂಟೋನಿಯಸ್, ಅಗಸ್ಟಸ್‌ನ ಹಳೆಯ ವೈರಿ ಮಾರ್ಕ್ ಆಂಟನಿಯ ಮಗ. ಅವನು ಪ್ರಾಣ ಕಳೆದುಕೊಂಡ, ಉಳಿದವರು ಗಡೀಪಾರಾದರು. ಅಪ್ಪನನ್ನು ಕೊಲ್ಲುವ ಸಂಚಿತ್ತು ಎಂದು ಹಿರಿಯ ಪ್ಲಿನಿ ಹೇಳುತ್ತಾನೆ. ನನ್ನ ಅಭಿಪ್ರಾಯ ಕೇಳಿದರೆ, ಪ್ರೇಮವೂ ಇದ್ದಿರಬಹುದು, ರಾಜಕೀಯವೂ ಇದ್ದಿರಬಹುದು. ಸಂಚು ಎಂದರೆ ಸಿಂಹಾಸನ ಅಲ್ಲಾಡ್ತಿದೆ ಎಂದು ಊರಿಗೆ ಹೇಳಿದಂತೆ. ಹಾದರ ಎಂದರೆ ಅವಳೊಬ್ಬಳ ಮೇಲೆ ಹಾಕಿ ಮುಗಿಸಬಹುದಿತ್ತು.

ಪಂಡಟೇರಿಯಾ ಎಂಬ ಪುಟ್ಟ ದ್ವೀಪಕ್ಕೆ ಕಳಿಸಿದ. ವೈನ್ ಇಲ್ಲ, ಯಾವ ಸುಖ ಸೌಕರ್ಯವೂ ಇಲ್ಲ. ಯಾವ ಗಂಡಸೂ ಅವನ ಅನುಮತಿ ಇಲ್ಲದೆ ಹತ್ತಿರ ಹೋಗುವಂತಿಲ್ಲ, ಹೋಗುವವನ ವಯಸ್ಸು, ಎತ್ತರ, ಮೈಬಣ್ಣ, ಮೈಮೇಲಿನ ಕಲೆ ಗಾಯದ ಗುರುತು ಎಲ್ಲ ಮೊದಲೇ ಅವನಿಗೆ ತಿಳಿಸಬೇಕು. ಜನ ಅವಳನ್ನು ಕರೆಸಿಕೋ ಎಂದು ಬೇಡಿದರು. ಬೆಂಕಿ ನೀರು ಬೆರೆತಾಗ ಕರೆಸ್ತೀನಿ ಎಂದ. ಜನ ಉರಿಯುವ ಪಂಜುಗಳನ್ನು ತಂದು ಟೈಬರ್ ನದಿಗೆ ಎಸೆದರು! ಐದು ವರ್ಷದ ಮೇಲೆ ದ್ವೀಪದಿಂದ ರೇಜಿಯಂ ಊರಿಗೆ ತಂದ, ಅಷ್ಟೇ. ಕ್ರಿ.ಶ. 14ರಲ್ಲಿ ಅಗಸ್ಟಸ್ ಸತ್ತ, ಚಕ್ರವರ್ತಿಯಾದ ಟಿಬೇರಿಯಸ್ ಅವಳಿಗೆ ಬರುತ್ತಿದ್ದ ಹಣ ನಿಲ್ಲಿಸಿದ, ಅದೇ ವರ್ಷ ಅವಳು ಸೊರಗಿ ಸತ್ತಳು. ತನ್ನ ಸಮಾಧಿಯಲ್ಲಿ ಅವಳಿಗೆ ಜಾಗ ಕೊಡಬಾರದು ಎಂದು ಅಪ್ಪ ಮೊದಲೇ ಬರೆದಿಟ್ಟಿದ್ದ.

ಪ್ರಶ್ನೆ: ಆ ಕಾನೂನಿನಿಂದ ತಪ್ಪಿಸಿಕೊಳ್ಳಲು ಯಾರೂ ದಾರಿ ಹುಡುಕಲಿಲ್ವಾ?

ಉತ್ತರ: ವಿಸ್ಟಿಲಿಯಾ ಹುಡುಕಿದಳು. ಕಾನೂನು ವೇಶ್ಯೆಯರಿಗೆ ಅನ್ವಯಿಸುವುದಿಲ್ಲ ತಾನೇ, ಹಾಗಾಗಿ ಕ್ರಿ.ಶ. 19ರ ಹೊತ್ತಿಗೆ ಅವಳು ಅಧಿಕಾರಿಗಳ ಮುಂದೆ ಹೋಗಿ ವೇಶ್ಯೆಯರ ಪಟ್ಟಿಯಲ್ಲಿ ತನ್ನ ಹೆಸರು ಬರೆಸಿದಳು. ಅವಳು ಪ್ರೇಟರ್ ಎಂಬ ದೊಡ್ಡ ನ್ಯಾಯಾಧಿಕಾರಿ ಹುದ್ದೆ ಕಂಡ ಮನೆತನದವಳು! ಹಾಗೆ ಬಾಯಿಬಿಟ್ಟು ಒಪ್ಪಿಕೊಳ್ಳುವ ಅವಮಾನವೇ ಸಾಕಷ್ಟು ಶಿಕ್ಷೆ ಎಂದು ಹಳಬರು ನಂಬಿದ್ದರು, ಯಾವ ದೊಡ್ಡಮನೆಯವಳೂ ಅಷ್ಟಕ್ಕೆ ಇಳಿಯಲಾರಳು ಎಂಬುದು ಅವರ ಲೆಕ್ಕ. ಸೆನೆಟ್ ಬೆಚ್ಚಿಬಿತ್ತು. ಅಜ್ಜ, ಅಪ್ಪ, ಗಂಡ ಇವರಲ್ಲಿ ಯಾರಾದರೂ ಈಕ್ವೆಸ್ಟ್ರಿಯನ್ ಎಂಬ, ಸೆನೆಟಿನವರ ನಂತರದ ಶ್ರೀಮಂತ ದರ್ಜೆಯವನಾಗಿದ್ದರೆ ಅಂಥ ಹೆಂಗಸು ಹೆಸರು ಬರೆಸುವಂತಿಲ್ಲ ಎಂದು ಹೊಸ ನಿಯಮ ಮಾಡಿತು. ಗಂಡನನ್ನು ಕರೆದು ಯಾಕೆ ದೂರು ಕೊಡಲಿಲ್ಲ ಎಂದು ಕೇಳಿದರು. ಯೋಚಿಸಲು ಕಾನೂನು ಕೊಟ್ಟ 60 ದಿನ ಇನ್ನೂ ಮುಗಿದಿಲ್ಲ ಎಂದ. ಅವನನ್ನು ಬಿಟ್ಟರು, ವಿಸ್ಟಿಲಿಯಾಳನ್ನು ಸೆರಿಫೋಸ್ ದ್ವೀಪಕ್ಕೆ ಕಳಿಸಿದರು. ಆ ಪಟ್ಟಿಯ ಮುಂದೆ ನಿಂತು ಹೆಸರು ಹೇಳಿದ ಗಳಿಗೆಯಲ್ಲಿ ಅವಳಿಗೆ ಎಷ್ಟು ಧೈರ್ಯ ಬೇಕಾಗಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಪ್ರಶ್ನೆ: ಕವಿ ಕ್ಯಾಟಲಸ್‌ನ ಪ್ರೇಯಸಿ ಲೆಸ್ಬಿಯಾ ಅಂದರೆ ಕ್ಲೋಡಿಯಾ ಅಂತಾರೆ. ಅವಳು ನಿಜಕ್ಕೂ ಅಷ್ಟು ಕೆಟ್ಟವಳಾ?

ಉತ್ತರ: ಲೆಸ್ಬಿಯಾಳ ನಿಜ ಹೆಸರು ಕ್ಲೋಡಿಯಾ ಎಂದು ಹೇಳಿದವನು ಅಪುಲಿಯಸ್ ಎಂಬ ಲೇಖಕ, ಅದೂ ಸುಮಾರು 200 ವರ್ಷದ ನಂತರ. ಯಾವ ಕ್ಲೋಡಿಯಾ? ಅಕ್ಕತಂಗಿಯರು ಮೂವರು, ಮೂವರಿಗೂ ಅದೇ ಹೆಸರು. ಮೆಟೆಲ್ಲಸ್ ಎಂಬುವನ ಹೆಂಡತಿಯೇ ಅವಳು ಎಂದು ಹೆಚ್ಚಿನವರು ಒಪ್ಪುತ್ತಾರೆ. ಆಮೇಲೆ ಅವಳ ಹೆಸರು ಕೆಟ್ಟದ್ದು ಬಹುಪಾಲು ಒಂದೇ ಒಂದು ಭಾಷಣದಿಂದ. ಕ್ರಿ.ಪೂ. 56ರಲ್ಲಿ ಕೇಲಿಯಸ್ ಎಂಬ ಯುವಕನ ಮೇಲೆ ಗಲಭೆಯ ಆರೋಪವಿತ್ತು, ಜೊತೆಗೆ ನನ್ನಿಂದ ಚಿನ್ನ ಪಡೆದ, ನನಗೇ ವಿಷ ಹಾಕಲು ನೋಡಿದ ಎಂಬುದು ಕ್ಲೋಡಿಯಾಳ ದೂರು. ಸಿಸೆರೊ ಅವನ ವಕೀಲ. ಈ ಕ್ಲೋಡಿಯಾ ಯಾರ ಅಕ್ಕತಂಗಿ ಗೊತ್ತಾ? ಪೊಂಪೆಯಾ ಮನೆಗೆ ನುಗ್ಗಿದ ಅದೇ ಕ್ಲೋಡಿಯಸ್‌ನದ್ದು. ಅವನು ಟ್ರಿಬ್ಯೂನ್ ಆಗಿದ್ದಾಗ ಸಿಸೆರೊನನ್ನು ಗಡೀಪಾರು ಮಾಡಿಸಿದ್ದ, ಅವನ ಮನೆ ಕೆಡವಿಸಿದ್ದ.

ಸಿಸೆರೊಗೆ ಆ ಸಿಟ್ಟು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಆರೋಪಗಳಿಗೆ ಉತ್ತರ ಕೊಡುವುದಕ್ಕಿಂತ ಜಾಸ್ತಿ ಹೊತ್ತು ಅವಳನ್ನೇ ಹರಾಜು ಹಾಕಿದ. ಅವಳ ಗಂಡ, ಅಲ್ಲ ಅಲ್ಲ ತಮ್ಮ, ಯಾವಾಗಲೂ ಹೀಗೇ ಬಾಯಿ ತಪ್ಪುತ್ತೆ ಎಂದ. ಅವಳ ಪೂರ್ವಜ, ಅಪ್ಪಿಯನ್ ರಸ್ತೆ ಮಾಡಿಸಿದ ಕುರುಡು ಅಪ್ಪಿಯಸ್‌ನನ್ನು ಸಮಾಧಿಯಿಂದ ಎಬ್ಬಿಸಿದ ಹಾಗೆ ನಟಿಸಿ, ಪರಗಂಡಸರ ಜೊತೆ ಓಡಾಡಲಿ ಅಂತಲೇನೇ ನಿನಗೆ ಈ ರಸ್ತೆ ಮಾಡಿದ್ದು ಎಂದು ಬೈಸಿದ. ಕೇಲಿಯಸ್ ಬಿಡುಗಡೆಯಾದ. ಕ್ಲೋಡಿಯಾ ಏನು ಹೇಳಿದಳೋ ಅದು ನಮಗೆ ಉಳಿಯಲಿಲ್ಲ, ಸಿಸೆರೊನ ಭಾಷಣ ಎರಡು ಸಾವಿರ ವರ್ಷ ಪಾಠವಾಗಿ ಉಳಿಯಿತು. ಇದೇ ಸಿಸೆರೊ 11 ವರ್ಷದ ನಂತರ, ತೀರಿಹೋದ ಟುಲಿಯಾಳ ನೆನಪಿಗೆ ಗುಡಿ ಕಟ್ಟಲು ಜಾಗ ಹುಡುಕುವಾಗ, ಟೈಬರ್ ದಂಡೆಯ ಕ್ಲೋಡಿಯಾ ತೋಟ ಸಿಗಬಹುದಾ ಎಂದು ಅಟಿಕಸ್‌ಗೆ ಬರೆಯುತ್ತಾನೆ. ಅವಳು ಮಾರಲ್ಲ ಅನ್ಸುತ್ತೆ, ಆ ಜಾಗ ಅವಳಿಗೆ ಇಷ್ಟ, ದುಡ್ಡಿಗೂ ತೊಂದರೆಯಿಲ್ಲ ಎಂದೂ ಸೇರಿಸುತ್ತಾನೆ. ಅದು ಇದೇ ಕ್ಲೋಡಿಯಾ ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ನನಗೆ ಆ ಸಾಲು ಓದಿ ಸಮಾಧಾನವಾಯಿತು. ಅವಳು ನಾಶವಾಗಿರಲಿಲ್ಲ, ತನ್ನ ತೋಟದಲ್ಲಿ ತನ್ನ ಪಾಡಿಗೆ ಇದ್ದಳು.

ಪ್ರಶ್ನೆ: ಮೆಸ್ಸಲಿನಾ ರಾತ್ರಿ ವೇಶ್ಯಾಗೃಹಕ್ಕೆ ಹೋಗುತ್ತಿದ್ದಳು ಅನ್ನೋದು ನಿಜವೇ?

ಉತ್ತರ: ಆ ಚಿತ್ರ ಬರೆದವನು ಜುವೆನಲ್, ವಿಡಂಬನೆಯ ಕವಿ, ಅವಳು ಸತ್ತು ಅರ್ಧ ಶತಮಾನಕ್ಕೂ ಜಾಸ್ತಿ ಆದ ಮೇಲೆ. ಅದನ್ನು ವರದಿ ಎಂದು ಓದಬೇಡಿ. ಕ್ರಿ.ಶ. 48ರಲ್ಲಿ ಗಂಡ, ಚಕ್ರವರ್ತಿ ಕ್ಲಾಡಿಯಸ್, ಓಸ್ಟಿಯಾ ಬಂದರಿಗೆ ಹೋಗಿದ್ದಾಗ ಅವಳು ಮುಂದಿನ ಕನ್ಸಲ್ ಆಗಬೇಕಿದ್ದ ಸಿಲಿಯಸ್ ಜೊತೆ ಮದುವೆ ಶಾಸ್ತ್ರ ಮಾಡಿಕೊಂಡಳು ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ, ಇದು ಕಟ್ಟುಕಥೆಯ ಹಾಗೆ ಕೇಳಿಸುತ್ತೆ ಎಂದು ಅವನೇ ಒಪ್ಪುತ್ತಾನೆ. ಸುದ್ದಿ ಗಂಡನಿಗೆ ಮುಟ್ಟಿದ ಮೇಲೆ ಅವಳ ಸುತ್ತ ಇದ್ದವರೆಲ್ಲ ಕರಗಿಹೋದರು. ಮೂವರೇ ಜೊತೆಗಿದ್ದರು. ಊರನ್ನು ಕಾಲ್ನಡಿಗೆಯಲ್ಲಿ ದಾಟಿ, ತೋಟದ ಕಸ ಸಾಗಿಸುವ ಗಾಡಿ ಹತ್ತಿ ಗಂಡನನ್ನು ಕಾಣಲು ಹೊರಟಳು. ಅವನೊಂದಿಗೆ ಮಾತಾಡಲು ಬಿಡಲಿಲ್ಲ. ಲುಕುಲ್ಲಸ್ ತೋಟದಲ್ಲಿ ಅವಳನ್ನು ಕೊಂದರು. ಊಟ ಮಾಡುತ್ತಿದ್ದ ಕ್ಲಾಡಿಯಸ್‌ಗೆ ಅವಳು ಸತ್ತ ಸುದ್ದಿ ಹೇಳಿದರೆ, ಅವನು ಹೇಗೆ ಎಂದೂ ಕೇಳದೆ ಇನ್ನೊಂದು ಲೋಟ ತರಿಸಿಕೊಂಡ. ಅವಳ ಹೆಸರು, ಅವಳ ಪ್ರತಿಮೆ ಎಲ್ಲವನ್ನೂ ಅಳಿಸಲು ಸೆನೆಟ್ ಅಪ್ಪಣೆ ಮಾಡಿತು.

ಪ್ರಶ್ನೆ: ಬರೀ ಹಗರಣದವರೇ ಆಯಿತು. "ಒಳ್ಳೆಯ ಹೆಂಡತಿ" ಎಂದು ಹೆಸರು ಪಡೆದವರ ಬಗ್ಗೆಯೂ ಹೇಳಿ.

ಉತ್ತರ: ಗೋರಿಕಲ್ಲುಗಳ ತುಂಬ ಅವರೇ ಇದ್ದಾರೆ. ಕ್ಲಾಡಿಯಾ ಎಂಬುವಳ ಹಳೆಯ ಕಲ್ಲು, ಗಂಡನನ್ನು ಮನಸಾರೆ ಪ್ರೀತಿಸಿದಳು, ಇಬ್ಬರು ಗಂಡುಮಕ್ಕಳನ್ನು ಹೆತ್ತಳು, ಮನೆ ನೋಡಿಕೊಂಡಳು, ಉಣ್ಣೆ ನೂತಳು, ಹೇಳಿ ಮುಗಿಸಿದೆ, ದಾರಿಹೋಕನೇ, ನೀನಿನ್ನು ಹೊರಡು ಎನ್ನುತ್ತದೆ. ಹೊಗಳಿಕೆಯ ಮಾತುಗಳು ಸಾಮಾನ್ಯವಾಗಿ ಇಷ್ಟೇ.

ಒಬ್ಬ ಗಂಡ ಮಾತ್ರ ಹೆಂಡತಿಗಾಗಿ ಉದ್ದದ ಶಾಸನವನ್ನೇ ಕೆತ್ತಿಸಿದ. ಅವಳನ್ನು ತೂರಿಯಾ ಎಂದು ಕರೆಯುವ ರೂಢಿ ಬಂದಿದೆ. 40 ವರ್ಷ ದಾಟಿದ ದಾಂಪತ್ಯ, ಮಕ್ಕಳಿಲ್ಲ. ಅವನ ಪ್ರಾಣಕ್ಕೆ ಕುತ್ತು ಬಂದಾಗ ಅವಳು ಅಧಿಕಾರದಲ್ಲಿದ್ದ ಲೆಪಿಡಸ್‌ನ ಕಾಲಿಗೆ ಬಿದ್ದಳು, ಅವಳನ್ನು ಎಬ್ಬಿಸುವ ಬದಲು ಎಳೆದಾಡಿದರು, ಮೈಯೆಲ್ಲ ಬಾಸುಂಡೆ, ಆದರೂ ಗಟ್ಟಿಯಾಗಿ ಮಾತಾಡಿದಳು ಎಂದು ಗಂಡ ಬರೆಸಿದ್ದಾನೆ. ಮಕ್ಕಳಾಗಲಿ ಎಂದು ನೀನು ಬೇರೆ ಮದುವೆಯಾಗು, ಹೆಣ್ಣನ್ನು ನಾನೇ ಹುಡುಕ್ತೀನಿ, ನಾನು ತಂಗಿಯ ಹಾಗೆ ಇರ್ತೀನಿ ಎಂದು ಅವಳು ಹೇಳಿದಾಗ ಸಿಟ್ಟಿನಿಂದ ಮೈಮೇಲೆ ಎಚ್ಚರ ತಪ್ಪಿತು ಎಂದೂ ಬರೆಸಿದ್ದಾನೆ. ಇದನ್ನು ಓದುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಪ್ರಶ್ನೆ: ಹೆಸರು ಕೆಟ್ಟ ಹೆಣ್ಣಿನ ಪರ ನಿಂತವರು ಯಾರೂ ಇರಲಿಲ್ವಾ ಮೇಡಂ?

ಉತ್ತರ: ಇದ್ದರು. ಕ್ರಿ.ಶ. 20ರಲ್ಲಿ ಎಮಿಲಿಯಾ ಲೆಪಿಡಾ ಎಂಬುವಳ ಮೇಲೆ, ಬಿಟ್ಟುಹೋದ ಗಂಡನೇ ಕೇಸು ನಡೆಸಿದ. ವಿಚಾರಣೆಯ ನಡುವೆ ಆಟದ ದಿನಗಳು ಬಂದವು. ಅವಳು ದೊಡ್ಡಮನೆ ಹೆಂಗಸರನ್ನು ಜೊತೆಗೆ ಕರೆದುಕೊಂಡು, ತನ್ನ ಮುತ್ತಜ್ಜ, ಹೆಸರಾಂತ ಸೇನಾಪತಿ ಪೊಂಪೆ ಕಟ್ಟಿಸಿದ ರಂಗಮಂದಿರಕ್ಕೇ ಹೋಗಿ, ಅವನ ಹೆಸರು ಹಿಡಿದು ಅತ್ತಳು. ಜನ ಎದ್ದು ನಿಂತು ಆ ಗಂಡನಿಗೆ ಶಾಪ ಹಾಕಿದರು. ಅವಳು ಗಡೀಪಾರಾಗುವುದು ತಪ್ಪಲಿಲ್ಲ, ಆದರೆ ಆ ಹೆಂಗಸರು ಊರೆದುರು ಅವಳ ಪಕ್ಕದಲ್ಲಿ ನಡೆದರಲ್ಲ. ಮೆಸ್ಸಲಿನಾ ತೋಟದ ನೆಲದ ಮೇಲೆ ಬಿದ್ದಿದ್ದಾಗ ಪಕ್ಕದಲ್ಲಿ ಕೂತಿದ್ದವಳು ಅವಳ ತಾಯಿ, ಮಗಳು ಮೆರೆಯುತ್ತಿದ್ದಾಗ ಅವಳೊಂದಿಗೆ ಮಾತು ಬಿಟ್ಟಿದ್ದವಳು. ಶವವನ್ನು ಅವಳಿಗೇ ಒಪ್ಪಿಸಿದರು.

ಜೂಲಿಯಾ ಕಥೆಯಲ್ಲಿ ನಾನು ಒಬ್ಬಳನ್ನು ಬೇಕೆಂದೇ ಬಿಟ್ಟಿದ್ದೆ, ಇಲ್ಲಿ ಹೇಳೋಣ ಅಂತ. ಅವಳ ತಾಯಿ ಸ್ಕ್ರಿಬೋನಿಯಾ. ಜೂಲಿಯಾ ಹುಟ್ಟಿದ ದಿನವೇ ಅಗಸ್ಟಸ್ ಸ್ಕ್ರಿಬೋನಿಯಾಳನ್ನು ಬಿಟ್ಟ, ಮುಂದಿನ ಜನವರಿಯಲ್ಲಿ ಲಿವಿಯಾಳನ್ನು ಮದುವೆಯಾದ. ಕೂಸು ಅಪ್ಪನ ಮನೆಗೆ, ತಾಯಿ ಹೊರಗೆ. ಮೂವತ್ತಾರು ವರ್ಷ ಕಳೆಯಿತು. ಆ ಮಗಳನ್ನು ಪಂಡಟೇರಿಯಾಗೆ ಕಳಿಸುವಾಗ ಸ್ಕ್ರಿಬೋನಿಯಾ ಮೇಲೆ ಯಾವ ಆರೋಪವೂ ಇರಲಿಲ್ಲ, ಯಾರೂ ಅವಳನ್ನು ಹೋಗು ಎಂದಿರಲಿಲ್ಲ. ಅವಳಾಗಿಯೇ ಮಗಳ ಜೊತೆ ಹೊರಟಳು.